ಎದುರು ಮನೆಯ ದಾಖಲಾತಿ

ನಮ್ಮ ಸರ್ಕಾರಿ ಶಾಲೆ ಬಾತಿ ದಾಟಿ ಹರಿಹರದ ಕಡೆಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿದೆ. ನಾನು ಎಂ.ಸಿ.ಸಿ. ಬಡಾವಣೆಯಿಂದ ಸ್ಕೂಟರಿನಲ್ಲಿ ಹೋಗಿ ಪಾಠ ಮಾಡುತ್ತೇನೆ. ಆ ವರ್ಷ ಮಕ್ಕಳು ಕಡಿಮೆಯಾಗಿ ಒಬ್ಬ ಶಿಕ್ಷಕಿ ‘ಹೆಚ್ಚುವರಿ’ ಆಗುವ ಹಾಗಿತ್ತು. ಹೆಚ್ಚುವರಿ ಎಂದರೆ ಇಲಾಖೆ ಎಲ್ಲಿಗೆ ಎಸೆದರೆ ಅಲ್ಲಿ ಹೋಗಿ ಬೀಳಬೇಕು. ಸೇವೆಯಲ್ಲಿ ಕಿರಿಯಳು ನಾನೇ. ನಾನು ಅಕ್ಷರ ಕಲಿಸಿದ ಮಕ್ಕಳು ಆಗಷ್ಟೇ ತಾವಾಗಿ ಪುಸ್ತಕ ಹಿಡಿದು ಓದತೊಡಗಿದ್ದರು. ಅವರನ್ನು ಬಿಟ್ಟು ಹೋಗಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಹೊಸ ಮಕ್ಕಳನ್ನು ಸೇರಿಸಲು ನಾವು ಶಿಕ್ಷಕಿಯರು ಮೇ ತಿಂಗಳ ಬಿಸಿಲಿನಲ್ಲಿ ಮನೆಮನೆ ಸುತ್ತಿದೆವು. ಹಾಲು, ಮೊಟ್ಟೆ, ಶೂ ಎಲ್ಲ ಹೇಳಿದೆವು. ನಮ್ಮ ಮಕ್ಕಳು ವಸತಿ ಶಾಲೆಯ ಪರೀಕ್ಷೆ ಪಾಸಾದದ್ದನ್ನೂ ಹೇಳಿದೆವು. ತಾಯಂದಿರು ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: “ವ್ಯಾನ್ ಬರ್ತೈತೇನ್ರಿ?”

ಶಾಲೆಯ ಗೇಟಿನ ಎದುರಿಗೇ ಒಂದು ಮನೆ. ಆ ಮನೆಯ ಅಜ್ಜಿಯ ಮೊಮ್ಮಗಳು ವ್ಯಾನ್ ಹತ್ತಿ ಹರಿಹರದ ಖಾಸಗಿ ಶಾಲೆಗೆ ಹೋಗುತ್ತಿದ್ದಳು.

“ನಿಮ್ ಸಾಲಿ ಚಲೋ ಐತ್ರಿ,” ಅಂದಳು ಅಜ್ಜಿ. “ಆದ್ರೆ ಮನಿ ಮುಂದೇ ಐತೆ. ಸಾಲಿಗೆ ಕಳಿಸ್ದಂಗೇ ಆಗಲ್ಲ. ಕಟ್ಟಿ ಮ್ಯಾಲೆ ನಿಂತು ಟಾಟಾ ಮಾಡೋದು ಯಾರಿಗೆ?”

“ಹಿತ್ತಲ ಗಿಡ ಮದ್ದಲ್ಲ ಅಂತಾರಲ್ರಿ, ಗಿಡಾನ ಊರು ಸುತ್ತಿಸಿ ತರಾಣ,” ಎಂದು ಮುಖ್ಯೋಪಾಧ್ಯಾಯಿನಿ ಆಟೋ ಗೊತ್ತುಮಾಡಿದರು. ಬಾಡಿಗೆ ನಮ್ಮ ಕೈಯಿಂದಲೇ. ಆಟೋ ಎದುರು ಮನೆಯಿಂದ ಹೊರಟು, ಕಾಲುವೆ ಸೇತುವೆ ಸುತ್ತಿ, ಉಳಿದ ಮಕ್ಕಳನ್ನು ತುಂಬಿಕೊಂಡು ಎದುರು ಮನೆಯ ಎದುರಿಗೇ ಬಂದು ನಿಲ್ಲುತ್ತಿತ್ತು. ಜೂನ್‌ನಲ್ಲಿ ಮೊಮ್ಮಗಳು ನಮ್ಮಲ್ಲಿ ಸೇರಿದಳು. ಹತ್ತಿದ ಜಾಗದಲ್ಲೇ ಇಳಿಯುವುದು ಊರಿನಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ನನಗೂ ಅನ್ನಿಸಲಿಲ್ಲ.

ಮಕ್ಕಳ ತಲೆ ಎಣಿಸಲು ಅಧಿಕಾರಿ ಬಂದ ದಿನವೇ ಆಟೋ ಕೆಟ್ಟಿತು. ಉಳಿದವರು ನಡೆದು ಬಂದರು. ಇವಳು ಮಾತ್ರ ಯೂನಿಫಾರ್ಮ್ ತೊಟ್ಟು, ಚೀಲ ಹೆಗಲಿಗೇರಿಸಿ ಎದುರಿನ ಕಟ್ಟೆಯ ಮೇಲೆ ಕೂತಿದ್ದಳು. ಒಬ್ಬಳು ಕಡಿಮೆಯಾದರೂ ನನ್ನ ಹುದ್ದೆ ಹೋಗುತ್ತಿತ್ತು. ಗೇಟಿನಿಂದಲೇ ಕರೆದೆ.

“ಆಟೋ ಬಂದಿಲ್ರಿ ಮಿಸ್,” ಅಂದಳು.

“ರಸ್ತೆ ದಾಟಿ ಬಾ, ಸಾಕು.”

“ಬ್ಯಾಡ್ರಿ,” ಅಂದಳು ಅಜ್ಜಿ. “ನಡ್ಕಂಡ್ ಹೋದ್ರೆ ನೋಡ್ದೋರು ಏನಂತಾರೆ?”

ಒಳಗೆ ಅಧಿಕಾರಿ ಒಂದನೇ ತರಗತಿ ಮುಗಿಸಿ ಎರಡನೆಯದಕ್ಕೆ ಹೋಗುತ್ತಿದ್ದರು. ಇವಳದು ಮೂರನೆಯದು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸ್ಕೂಟರ್ ತೆಗೆದೆ. ಅವಳನ್ನು ಕೂರಿಸಿಕೊಂಡು ಸೇತುವೆಯವರೆಗೆ ಹೋಗಿ ಬಂದೆ. ಅಜ್ಜಿ ಟಾಟಾ ಮಾಡಿದಳು. ಮೂರನೇ ತರಗತಿಯ ಬಾಗಿಲಿಗೆ ಅಧಿಕಾರಿಯೂ ನಾವೂ ಒಟ್ಟಿಗೆ ಬಂದೆವು. ಲೆಕ್ಕ ಸರಿಹೋಯಿತು.

ಸಂಜೆ ಅಜ್ಜಿಗೆ ಎಲ್ಲ ಬಿಡಿಸಿ ಹೇಳಿದೆ. ಇವಳು ಬರದಿದ್ದರೆ ನನ್ನನ್ನು ಹರಿಹರದ ಆಚೆ ಎಲ್ಲಿಗಾದರೂ ಹಾಕುತ್ತಿದ್ದರು, ಇನ್ನು ಮುಂದೆ ಹೀಗೆ ಮಾಡಬೇಡ ಅಂದೆ. ಅಜ್ಜಿ ಮೊಮ್ಮಗಳ ಹೆಗಲಿನ ಚೀಲ ಇಳಿಸಿಕೊಂಡಳು.

“ಅದಕ್ಕ್ಯಾಕ ಅಷ್ಟು ಗಾಬರಿ ಆದ್ರಿ,” ಅಂದಳು. “ನೀವು ಎಲ್ಲಿಗೆ ಹೋಗಿದ್ರೂ ಇವಳನ್ನ ಅಲ್ಲಿಗೇ ಹಚ್ತಿದ್ವಿ. ಅಷ್ಟು ದೂರ ಅಂದ್ರೆ ವ್ಯಾನೂ ಬರ್ತಿತ್ತು.”