ಬ್ಯಾನಿ ಬರುವ ಮೊದಲೇ

ನನ್ನ ಮುಟ್ಟು ಯಾವತ್ತೂ ತಿಂಗಳಿಗೆ ಸರಿಯಾಗಿ ಬಂದದ್ದಲ್ಲ. ಒಮ್ಮೆ ಒಂದೂವರೆ ತಿಂಗಳಿಗೆ ಬಂದರೆ, ಇನ್ನೊಮ್ಮೆ ಎರಡು ತಿಂಗಳು ದಾಟಿದ ಮೇಲೆ. ಈ ಮಾತನ್ನು ಬೆಳಗಾವಿಯ ಆ ಡಾಕ್ಟರ ಎದುರು ಕೂತು, ಮಗ್ಗುಲಲ್ಲಿ ಗಂಡ ಇದ್ದಾಗಲೇ, ನಾಚಿಕೆ ನುಂಗಿಕೊಂಡು ಹೇಳಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಇದನ್ನೆಲ್ಲ ಗಂಡಸರ ಮುಂದೆ ಬಾಯಿಬಿಟ್ಟು ಹೇಳುವವರು ಕಡಿಮೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಕೊನೆಯ ಮುಟ್ಟಿನಿಂದ ದಿನ ಎಣಿಸುವ ಲೆಕ್ಕ ನನ್ನಂಥವಳಿಗೆ ಹೊಂದುವುದಿಲ್ಲ ಎಂದು ಗೊತ್ತಿತ್ತು. ಬಸಿರು ನಿಂತದ್ದೇ ತಡವಾಗಿ. ಹಾಗಿದ್ದರೆ ಹೆರಿಗೆಯೂ ತಡವಾಗಿಯೇ ಆಗಬೇಕಲ್ಲ?

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನಲ್ಲ, ನನ್ನ ಗಂಡನನ್ನು ನೋಡಿದರು.

“ಬಾಯಾರು ಸಾಲಿ ಹುಡುಗೂರಿಗೆ ಕಲಿಸೂದು ಸಾಲದು ಅಂತ ನನಗೂ ಕಲಿಸಾಕ ಹತ್ಯಾರ ನೋಡ್ರಿ.”

ಗಂಡ ನಕ್ಕರು. ಡಾಕ್ಟರ ಮಾತಿಗಿಂತ ಆ ನಗು ನನಗೆ ಹೆಚ್ಚು ಚುಚ್ಚಿತು.

ಹೊಟ್ಟೆಯೊಳಗಿನ ಕೂಸನ್ನು ತೆರೆಯ ಮೇಲೆ ತೋರಿಸುವ ಯಂತ್ರ ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಡಾಕ್ಟರ ಕೈ ಮತ್ತು ಹೆಂಗಸಿನ ಮಾತು, ಎರಡೇ ಆಧಾರ. ಕೈಗೆ ಅವಸರವಿತ್ತು. ಮಾತನ್ನು ಯಾರೂ ಕೇಳಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ವಾಡಿಕೆ. ನನ್ನ ತವರು ಖಾನಾಪುರ. ಆದರೆ ಅಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಬೆಳಗಾವಿಗೇ ಓಡಬೇಕಲ್ಲ ಎಂದು, ಅವ್ವನೇ ನಮ್ಮ ಮನೆಗೆ ಬಂದು ಕೂತಿದ್ದಳು. ಒಂದು ದಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, “ದಿನಾ ತುಂಬ್ಯಾವ. ಶುಕ್ರವಾರ ಮುಂಜಾನೆ ಬರ್ರಿ, ಸಲಾಯಿನ್ ಹಚ್ಚೂಣು,” ಅಂದರು.

“ನನಗ ಬ್ಯಾನಿ ಬಂದಿಲ್ಲಲ್ರಿ?”

“ಬರದಿದ್ರ ಬರಸ್ತೀವಿ.”

ಮನೆಗೆ ಬಂದು ಬೇಡವೆಂದು ಹಟ ಹಿಡಿದೆ. ಅವ್ವ ಒಪ್ಪಲಿಲ್ಲ. ಡಾಕ್ಟರೆಂದರೆ ದೇವರಿದ್ದಂಗ, ಅವರ ಮಾತು ಮೀರಬಾರದು ಅಂದಳು. ಗಂಡ, “ದಿನಾ ಮೀರಿ ಕೂಸಿಗೆ ಏನರೆ ಆದ್ರ ಯಾರು ಜವಾಬ್ದಾರಿ? ನೀನಾ?” ಎಂದು ಕೇಳಿದರು. ಆ ಪ್ರಶ್ನೆಗೆ ಬಾಯಿ ಮುಚ್ಚಿಸುವ ಶಕ್ತಿ ಇದೆ. ನಾನು ಹೋದೆ.

ಆ ಮುಂಜಾನೆ ಹೆರಿಗೆ ಕೋಣೆಯಲ್ಲಿ ನನ್ನೊಂದಿಗೆ ಇನ್ನೂ ಇಬ್ಬರ ಕೈಗೆ ಸಲಾಯಿನ್ ಇಳಿಯುತ್ತಿತ್ತು. ಮೂವರದೂ ಒಂದೇ ದಿನ ತುಂಬಿತೇ ಎಂದು ನರ್ಸಬಾಯಿಯನ್ನು ಕೇಳಿದೆ. ಆಕೆ ಬಾಟಲಿ ನೇತುಹಾಕುತ್ತ, ಮುಚ್ಚಿಡುವಂಥದ್ದೇನೂ ಇಲ್ಲವೆಂಬಂತೆ ಹೇಳಿದಳು: “ಸಾಹೇಬ್ರು ನಾಳೆ ಪುಣೆಕ್ಕ ಹೊಂಟಾರ್ರೀ, ತಂಗಿ ಮಗಳ ಲಗ್ನ. ಇವತ್ತ ಎಲ್ಲಾ ಮುಗಿಸಿಬಿಡ್ರಿ ಅಂದಾರ.”

ಸೂಜಿ ನನ್ನ ಕೈಯಲ್ಲಿತ್ತು. ಎದ್ದು ಹೋಗಲು ಆಗಲಿಲ್ಲ, ಅಷ್ಟರಲ್ಲಿ ಹೆರಿಗೆಯ ಬ್ಯಾನಿ ಶುರುವಾಗಿತ್ತು. ಸಹಜವಾದ ಬ್ಯಾನಿ ಅಲೆಯಂತೆ ಬಂದು ಹೋಗುತ್ತದೆ, ನಡುವೆ ಉಸಿರಾಡಲು ಬಿಡುತ್ತದೆ ಎಂದು ಆಮೇಲೆ, ಎರಡನೆಯ ಸಲ ತಿಳಿಯಿತು. ಇದು ಹಾಗಿರಲಿಲ್ಲ. ಬಾಗಿಲು ತೆರೆಯದ ಮನೆಯ ಗೋಡೆಯನ್ನು ಹಾರೆಯಿಂದ ಒಡೆದಂತೆ ಇತ್ತು. ಹನಿ ಜೋರು ಮಾಡಿದಷ್ಟೂ ಹೊಟ್ಟೆ ಕಲ್ಲಾಗುತ್ತಿತ್ತು, ಗರ್ಭದ ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಸಂಜೆಗೆ ಅದು ಬಿಟ್ಟಾಗ ಕೂಸನ್ನು ಎಳೆದು ಹೊರಗೆ ತಂದರು. ಹೆಣ್ಣು ಕೂಸು.

ಆಕೆಯನ್ನು ನಾನು ನೋಡಿದ್ದು ಸ್ವಲ್ಪ ಹೊತ್ತು. ಹೆಗಲು, ಬೆನ್ನಿನ ತುಂಬ ನವಿರು ಕೂದಲು. ಕಿವಿ ಎಷ್ಟು ಮೆತ್ತಗಿತ್ತೆಂದರೆ ಮಡಚಿದರೆ ಹಾಗೆಯೇ ಉಳಿಯುತ್ತಿತ್ತು. ಉಸಿರೆಳೆದಾಗ ಎದೆಗೂಡಿನ ಕೆಳಗೆ ಗುಳಿ ಬೀಳುತ್ತಿತ್ತು, ಉಸಿರು ಬಿಡುವಾಗ ಸಣ್ಣಗೆ ನರಳುವ ದನಿ. ಡಾಕ್ಟರು ನೋಡಿದರು. ದಿನ ತುಂಬಿಲ್ಲವೆಂದು ಅವರಿಗೂ ತಿಳಿಯಿತು, ಅವರ ಮುಖದಲ್ಲಿ ಅದು ಹಾದುಹೋದದ್ದನ್ನು ನಾನು ಕಂಡೆ. ಕೈ ತೊಳೆಯಲು ಹೋದರು.

ಮರುದಿನ ಅವರು ಪುಣೆಗೆ ಹೋದರು. ಕೂಸು ನೀಲಿಗಟ್ಟಿತು. ಅವ್ವ ಆಕೆಯನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ದೊಡ್ಡ ದವಾಖಾನೆಗೆ ಒಯ್ದಳು. ಭಾನುವಾರ ಮಧ್ಯಾಹ್ನ ಬರಿಗೈಲಿ ಬಂದಳು. ಗಂಡಸರು ಮಣ್ಣು ಮಾಡಿ ಬಂದರು; ನನಗೆ ಕಡೆಯ ಸಲ ಮುಖವನ್ನೂ ತೋರಿಸಲಿಲ್ಲ.

“ನಿನ್ನ ಹಣಿಬರದಾಗ ಇರಲಿಲ್ಲ, ಬಾಳಾ,” ಎಂದು ಅವ್ವ ಅತ್ತಳು. ಬಂದವರೆಲ್ಲ ಅದನ್ನೇ ಅಂದರು. ಅಳದವಳು ನಾನೊಬ್ಬಳೇ. ಹಣೆಬರಹ ಬರೆದವನು ಮದುವೆ ಊಟಕ್ಕೆ ಹೋಗಿದ್ದ.

ಅವ್ವ ನನ್ನನ್ನು ಖಾನಾಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎದೆ ಹಾಲು ಬಂತು. ಕೂಸನ್ನು ಪೋಷಿಸುವ ಮಾಸು ದೇಹದಿಂದ ಹೊರಬಿದ್ದ ಕೂಡಲೆ ರಕ್ತದಲ್ಲಿ ಒಂದು ರಸದ ಮಟ್ಟ ಕುಸಿಯುತ್ತದೆ, ಆಗ ಹಾಲು ಇಳಿಯುತ್ತದೆ ಎಂದು ನಾನೇ ಮಕ್ಕಳಿಗೆ ಕಲಿಸಿದ್ದೆ. ಕೂಸು ಇಲ್ಲವೆಂದು ಎದೆಗೆ ಹೇಳುವವರು ಯಾರು? ಕುಪ್ಪಸ ನೆನೆಯುತ್ತಿತ್ತು. ಹಾಲು ಬತ್ತಲಿ ಎಂದು ಅವ್ವ ಎದೆಗೆ ಮಲ್ಲಿಗೆ ಹೂ ಇಟ್ಟು ಬಟ್ಟೆ ಕಟ್ಟಿದಳು. ಇಂದಿಗೂ ಮಲ್ಲಿಗೆ ಮುಡಿಯುವುದೆಂದರೆ ನನಗೆ ಹೇಸಿಗೆ.

ರಜೆ ಮುಗಿದು ಬೆಳಗಾವಿಗೆ ಬಂದವಳೇ ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದೆ.

“ನನ್ನ ಕೂಸಿಗೆ ಏನಾಗಿತ್ರಿ?”

“ಅಶಕ್ತ ಇತ್ತು.”

“ದಿನಾ ತುಂಬಿದ ಕೂಸು ಅಂದಿದ್ರಿ. ಬೆನ್ನ ತುಂಬ ಕೂದಲ ಯಾಕಿತ್ತು? ಉಸರಾಡಾಕ ಯಾಕ ಬರಲಿಲ್ಲ?”

“ಇಂಥಾವೆಲ್ಲಾ ಆಗತಾವ. ನೀವಿನ್ನೂ ಸಣ್ಣವರದೀರಿ, ಮುಂದಿನ ವರ್ಷ ಮತ್ತೊಂದ ಹಡೀರಿ.”

“ನನ್ನ ಮುಟ್ಟಿನ ಲೆಕ್ಕ ಹೇಳಿದ್ದೆ. ನೀವು ಹಂಗಿಸಿದ್ರಿ.”

ಅವರು ಗಂಟೆ ಒತ್ತಿದರು. “ನಿಮ್ಮ ಯಜಮಾನರನ್ನ ಕರಕೊಂಡು ಬರ್ರಿ, ಅವರ ಕೂಡ ಮಾತಾಡ್ತೀನಿ.”

“ಹಡದಾಕಿ ನಾನು. ನನ್ನ ಕೂಡ ಮಾತಾಡ್ರಿ.”

ಮುಂದಿನ ರೋಗಿ ಒಳಗೆ ಬಂದಳು, ತುಂಬಿದ ಹೊಟ್ಟೆಯವಳು. ಆಕೆಯ ಕಣ್ಣಿನಲ್ಲಿ ನಾನು ಹುಚ್ಚಿಯಾಗಿ ಕಂಡಿರಬೇಕು.

ಆಮೇಲೆ ಹುಡುಕಿ ಓದಿದೆ. ಪರಿಚಯದವರೊಬ್ಬರು ವೈದ್ಯಕೀಯ ವಿದ್ಯಾರ್ಥಿಗಳ ಪುಸ್ತಕ ತಂದುಕೊಟ್ಟರು, ಶಬ್ದಕೋಶ ಮಗ್ಗುಲಲ್ಲಿಟ್ಟುಕೊಂಡು ಕೂತೆ. ಮಾಸಿನಿಂದ ಬರುವ ಪ್ರೊಜೆಸ್ಟರಾನ್ ಬಸುರಿನುದ್ದಕ್ಕೂ ಗರ್ಭಕೋಶವನ್ನು ಸುಮ್ಮನಿರಿಸುತ್ತದೆ. ದಿನ ಸಮೀಪಿಸಿದಂತೆ ಈಸ್ಟ್ರೋಜನ್ನಿನ ಕೈ ಮೇಲಾಗುತ್ತದೆ, ಗರ್ಭದ ಬಾಯಿ ಮೆತ್ತಗಾಗುತ್ತದೆ. ಬ್ಯಾನಿ ತರುವ ಆಕ್ಸಿಟೋಸಿನ್ ಕೆಲಸ ಮಾಡುವುದು ಈ ಸಿದ್ಧತೆ ಆದ ಮೇಲೆ. ನನ್ನ ಕೈಗೆ ಹನಿಹನಿಯಾಗಿ ಇಳಿಸಿದ್ದು ಅದನ್ನೇ, ಸಿದ್ಧತೆಯೇ ಇಲ್ಲದ ಗರ್ಭಕ್ಕೆ. ಕುರಿಗಳಲ್ಲಿ ಹೆರಿಗೆಯ ಮೊದಲ ಸೂಚನೆ ಕೊಡುವುದು ತಾಯಿಯಲ್ಲ, ಮರಿ. ಮರಿಯ ಮೂತ್ರಪಿಂಡದ ಮೇಲಿರುವ ಗ್ರಂಥಿ ಒಂದು ರಸ ಸುರಿಸುತ್ತದೆ. ಅದೇ ರಸ ಮರಿಯ ಪುಪ್ಪುಸವನ್ನೂ ಗಾಳಿಗೆ ತಯಾರು ಮಾಡುತ್ತದೆ. ಮನುಷ್ಯರಲ್ಲಿ ಎಲ್ಲವೂ ಹೀಗೇ ಎಂದು ಹೇಳಲಾಗದು ಎಂದೂ ಆ ಪುಸ್ತಕದಲ್ಲಿತ್ತು. ಆದರೂ ನನಗೆ ಅಷ್ಟು ಸಾಕಾಗಿತ್ತು. ಒಳಗಿನ ಜೀವ ಇನ್ನೂ ಹೂಂ ಅಂದಿರಲಿಲ್ಲ. ಆಕೆಯನ್ನು ಕೇಳುವುದಂತೂ ಆಗದು, ನನ್ನನ್ನಾದರೂ ಕೇಳಬಹುದಿತ್ತು.

ಸಲಾಯಿನ್ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಶಾಲೆಯ ಒಬ್ಬಾಕೆಗೆ ಬಸುರಿನಲ್ಲಿ ರಕ್ತದೊತ್ತಡ ವಿಪರೀತ ಏರಿದಾಗ ಅದೇ ಹನಿ ತಾಯಿ, ಮಗು ಇಬ್ಬರನ್ನೂ ಉಳಿಸಿತು. ದಿನ ಸರಿಯಾಗಿ ತುಂಬಿದ ಕೂಸುಗಳೂ ಸಾಯುತ್ತವೆ, ಅದೂ ಗೊತ್ತು. ನನ್ನ ಸಿಟ್ಟು ಲಗ್ನದ ಮುಹೂರ್ತಕ್ಕೆ ನನ್ನ ಹೊಟ್ಟೆಯನ್ನು ಹೊಂದಿಸಿದವರ ಮೇಲೆ, ಅವರೊಂದಿಗೆ ಸೇರಿ ನಕ್ಕವರ ಮೇಲೆ.

ಎಂಬತ್ತರ ದಶಕದಲ್ಲಿ ಮತ್ತೆ ಬಸುರಾದೆ. ಈ ಸಲ ಅತ್ತೆಗಾಗಲಿ ಗಂಡನಿಗಾಗಲಿ ದಿನ ಯಾವಾಗ ತುಂಬುತ್ತದೆ ಎಂದು ಹೇಳಲಿಲ್ಲ. ಖಾನಾಪುರದ ಒಬ್ಬ ಲೇಡಿ ಡಾಕ್ಟರಿಗೆ ಮಾತ್ರ ಎಲ್ಲ ಹೇಳಿದೆ. ಆಕೆ ಪ್ರತಿ ಭೇಟಿಯಲ್ಲೂ ಹೊಟ್ಟೆ ಅಳೆದು, ನನ್ನ ಲೆಕ್ಕವೇ ಸರಿ ಇದ್ದಂತಿದೆ, ಕಾಯೋಣ, ಕೂಸಿನ ಓಡಾಟ ಕಡಿಮೆಯಾದರೆ ಮಾತ್ರ ತಕ್ಷಣ ಬರಬೇಕು ಅಂದರು. ನಾನು ತವರಲ್ಲೇ ಉಳಿದೆ.

ಬೆಳಗಾವಿಯಲ್ಲಿ ಅತ್ತೆ ತಮ್ಮದೇ ಲೆಕ್ಕ ಹಾಕಿ ಗಾಬರಿಯಾದರು. ಒಂದು ಮುಂಜಾನೆ ಗಂಡ ಟ್ಯಾಕ್ಸಿ ಮಾಡಿಕೊಂಡು ಬಂದು ಇಳಿದರು.

“ದಿನಾ ಮೀರ್ಯಾವಂತ. ಹೊರಡು, ಡಾಕ್ಟರಿಗೆ ಹೇಳಿ ಬಂದೀನಿ.”

“ಯಾವ ಡಾಕ್ಟರಿಗೆ?”

ಅವರು ನನ್ನತ್ತ ನೋಡದೆ ಟ್ಯಾಕ್ಸಿಯ ಕಡೆ ತಿರುಗಿದರು. ಅದೇ ಡಾಕ್ಟರು. ಕೈಗೆ ಸಿಕ್ಕ ತಂಬಿಗೆಯನ್ನು ಅಂಗಳಕ್ಕೆ ಎಸೆದೆ. ಅದು ಟ್ಯಾಕ್ಸಿಯ ಬಾಗಿಲಿಗೆ ಬಡಿಯಿತು.

ಆಗ ಅವ್ವ ಒಳಗಿನಿಂದ ಬಂದಳು. ಡಾಕ್ಟರನ್ನು ದೇವರೆಂದಿದ್ದ ಅವ್ವ, ಅಳಿಯನಿಗೆ ಎಂದೂ ಎದುರಾಡದವಳು. ಹೊಸ್ತಿಲಲ್ಲಿ ನಿಂತು, “ಚಹಾ ಕುಡದು ಹೋಗ್ರಿ ಅಳಿಯಾರ. ಮಗಳು ಬರಂಗಿಲ್ಲ. ಆ ಕೂಸು ಹ್ವಾದಾಗ ಅದು ನನ್ನ ತೊಡಿ ಮ್ಯಾಲಿತ್ತು, ನಿಮ್ಮ ತೊಡಿ ಮ್ಯಾಲಲ್ಲ,” ಅಂದಳು.

ಗಂಡ ಚಹಾ ಕುಡಿಯಲಿಲ್ಲ.

ಹತ್ತು ಹನ್ನೆರಡು ದಿನ ಕಳೆದವು. ಅವ್ವನೂ ನಾನೂ ಒಳಗೊಳಗೇ ಹೆದರಿದ್ದೆವು, ಒಬ್ಬರಿಗೊಬ್ಬರು ಹೇಳಲಿಲ್ಲ. ಒಂದು ಮುಂಜಾನೆ ಅಕ್ಕಿ ಹಸನು ಮಾಡುತ್ತ ಕೂತಿದ್ದಾಗ ಸೊಂಟದಲ್ಲಿ ಏನೋ ಹಿಡಿದು, ಬಿಟ್ಟಿತು. ಮತ್ತೆ ಹಿಡಿಯಿತು. ಯಾರೂ ಬರಿಸಿದ್ದಲ್ಲ. ಮಧ್ಯಾಹ್ನ ಲೇಡಿ ಡಾಕ್ಟರ ದವಾಖಾನೆಯಲ್ಲಿ ಹಡೆದೆ. ಹೆಣ್ಣೇ. ತುಂಬಿದ ಕೆನ್ನೆ, ಬಿಗಿಯಾದ ಕಿವಿ, ಓಣಿಗೆಲ್ಲ ಕೇಳುವಂಥ ಗಂಟಲು.

ಮರುದಿನ ಗಂಡ ಬಂದು ಕೂಸನ್ನು ಎತ್ತಿಕೊಂಡರು. ಕಣ್ಣು ತುಂಬಿತ್ತು. “ಎಲ್ಲಾ ಚಲೋ ಆತಲ್ಲ. ಹಳೇದು ಮರತಬಿಡು,” ಅಂದರು.

“ಮರೀಬೇಕಂದ್ರ ಮೊದಲ ನೆನಪ ಇಟಗೋಬೇಕ್ರಿ. ಆಕಿ ಹೆಂಗಿದ್ದಳು, ಹೇಳ್ರಿ ನೋಡೂಣು?”

ಕೂಸನ್ನು ಮಲಗಿಸಿ ಹೊರಗೆ ಹೋದರು.

“ಇಂಥಾ ಹೊತ್ತಿನ್ಯಾಗೂ ಜಗಳಾನ?” ಎಂದಳು ಅವ್ವ.

“ಹೂಂ. ಇಂಥಾ ಹೊತ್ತಿನ್ಯಾಗೂ,” ಅಂದೆ.