ಸುಳ್ಳು ಹೇಳಿದ ತೊಡೆಮೂಳೆ

ಜೀವಶಾಸ್ತ್ರದ ಮೇಡಂ ಹದಿನೆಂಟು ವರ್ಷ ಒಂದೇ ಶಾಲೆಯಲ್ಲಿ ಗಂಟಲು ಹರಿಯುವಂತೆ ಪಾಠ ಮಾಡಿದವರು. ಪ್ರಯೋಗಾಲಯದಲ್ಲಿ ಕೊಕ್ಕೆಗೆ ನೇತುಹಾಕಿದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಯಾರಾದರೂ ಕೇಳದೆ ಮುಟ್ಟಿದರೆ ಅವರ ಕಣ್ಣು ಕೆಂಪಾಗುತ್ತಿತ್ತು. ಹಾಗಾಗಿ ಮಕ್ಕಳು ಇಟ್ಟ ಹೆಸರು ಮೂಳೆ ಮೇಡಂ. ಅದು ಅವರ ಕಿವಿಗೂ ಬಿದ್ದಿತ್ತು, ತಕರಾರೇನೂ ಇರಲಿಲ್ಲ.

ಈ ವರ್ಷ ಗಂಟಲು ಮುಷ್ಕರ ಹೂಡಿತು. ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಧ್ವನಿ ಒಡೆದು, ಐದನೆಯದರಲ್ಲಿ ಪೂರ್ತಿ ಕೈಕೊಡುತ್ತಿತ್ತು. ವೈದ್ಯರು ಸುತ್ತಿ ಬಳಸಿ ಮಾತಾಡಲಿಲ್ಲ. "ಕೂಗೋದು ಬಿಡಿ, ಇಲ್ಲಾ ಪಾಠ ಮಾಡೋದು ಬಿಡಿ" ಎಂದರು. ಹೆಡ್‌ಮಾಸ್ಟರು ಗ್ರಂಥಾಲಯದ ಕುರ್ಚಿ ಖಾಲಿಯಿದೆ ಎಂದು ನೆನಪಿಸಿದರು. ಪುಸ್ತಕಗಳಿಗೆ ಮುದ್ರೆ ಒತ್ತುತ್ತ ಕೂರುವ ಯೋಚನೆಗೇ ಮೇಡಂಗೆ ಮೈ ಉರಿಯಿತು.

ಅವರು ಬೇರೆ ದಾರಿ ಹುಡುಕಿದರು. ಇಪ್ಪತ್ತನಾಲ್ಕು ಮೂಳೆಗಳ ವಿಷಯವನ್ನು ಮನೆಯಲ್ಲಿ ಕೂತು, ಮೆಲುದನಿಯಲ್ಲಿ ರೆಕಾರ್ಡ್ ಮಾಡಿದರು. ಒಂದೊಂದಕ್ಕೂ ಒಂದು ಕ್ಯೂಆರ್ ಕೋಡ್ ಮಾಡಿಸಿದರು. ಕೋಡನ್ನು ಮೂಳೆಗೆ ಅಂಟಿಸಿ, ಮಕ್ಕಳು ಶಾಲೆಯ ಟ್ಯಾಬ್ ಹಿಡಿದರೆ ಮೂಳೆಯೇ ಮಾತಾಡುತ್ತದೆ. ಹಿಂದಿನ ಬೆಂಚಿನವರೂ ಬೇಕಾದಷ್ಟು ಸಲ ಕೇಳಬಹುದು.

ಹೆಡ್‌ಮಾಸ್ಟರಿಗೆ ನಂಬಿಕೆ ಬರಲಿಲ್ಲ. "ಒಂದು ಪೀರಿಯಡ್ ಕೊಡ್ತೀನಿ, ನಾನೇ ಬಂದು ಕೂರ್ತೀನಿ. ಮಕ್ಕಳು ಬರೀ ಆಟ ಆಡಿದ್ರೆ ಸೋಮವಾರದಿಂದ ನೀವು ಲೈಬ್ರರಿಗೆ."

"ಬನ್ನಿ ಸರ್. ಹಿಂದೇನೇ ಕೂತ್ಕೊಳ್ಳಿ, ಅಲ್ಲಿಗೂ ಕೇಳಿಸುತ್ತೆ."

ಕೋಡುಗಳ ಹಾಳೆಯನ್ನು ಕತ್ತರಿಸಿಕೊಟ್ಟವರು ಮೇಡಂ ಅವರ ಅತ್ತೆ. ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದ ಕೈ. ಪ್ರತಿ ಕೋಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೂಳೆಯ ಹೆಸರಿತ್ತು. ಅತ್ತೆ ಅದನ್ನು ನೀಟಾಗಿ ಸವರಿ ಕಸಕ್ಕೆ ಹಾಕಿದ್ದರು.

"ಅತ್ತೆ, ಹೆಸರೆಲ್ಲಿ?"

"ಅದು ಅಂಚಲ್ವೇನೇ? ಅಂಚು ಸವರದೆ ಕೊಟ್ರೆ ಗಿರಾಕಿ ಮುಖಕ್ಕೆ ಎಸೀತಾರೆ. ಗಾಬರಿ ಬೇಡ, ಸಾಲು ತಪ್ಪಿಸಿಲ್ಲ. ತಲೆಯಿಂದ ಕಾಲಿನವರೆಗೆ ಹಾಗೇ ಜೋಡಿಸಿದೀನಿ."

ಹೆಸರು ಹೋದ ಮೇಲೆ ಎಲ್ಲ ಕೋಡುಗಳೂ ಕಣ್ಣಿಗೆ ಒಂದೇ. ಮರುದಿನ ಗಂಟೆ ಹೊಡೆಯುವ ಮುಂಚೆ ಮೇಡಂ ತಲೆಬುರುಡೆಯಿಂದ ಅಂಟಿಸುತ್ತ ಬಂದರು. ಮೊದಲ ಮೂರನ್ನು ಟ್ಯಾಬ್ ಹಿಡಿದು ನೋಡಿದರು, ಸರಿಯಿದ್ದವು. ಕೊನೆಯಲ್ಲಿ ಕಾಲ್ಬೆರಳಿಗೆ ಒಂದು ಕಡಿಮೆ ಬಿತ್ತು. ಎಲ್ಲೋ ಉದುರಿರಬೇಕು ಎಂದುಕೊಂಡರು. ಮಕ್ಕಳು ಇಷ್ಟು ಉಡಾಫೆ ಮಾಡಿದ್ದರೆ ಅವರು ಸುಮ್ಮನೆ ಬಿಡುತ್ತಿರಲಿಲ್ಲ.

ಮೊದಲ ಹತ್ತು ನಿಮಿಷ ಪಾಠ ಹೂವೆತ್ತಿದಂತೆ ಸಾಗಿತು. ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಆಗ ಎಲ್ಲದಕ್ಕೂ ವಾದ ಹೂಡುವ, ವಕೀಲೆ ಎಂದೇ ಹೆಸರಾದ ಹುಡುಗಿ ತೊಡೆಮೂಳೆಗೆ ಟ್ಯಾಬ್ ಹಿಡಿದಳು. "ನಾನು ಮೊಣಕಾಲ ಚಿಪ್ಪು, ನಿಮ್ಮ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು" ಎಂದಿತು ಮೇಡಂ ಧ್ವನಿ.

"ಮೇಡಂ, ತೊಡೆಮೂಳೆ ಸುಳ್ಳು ಹೇಳ್ತಿದೆ!"

"ನೀನು ಎಲ್ಲಿಗೆ ಹಿಡಿದ್ಯೋ ಏನೋ" ಎಂದಳು ಪಕ್ಕದವಳು.

"ಇಲ್ಲೇ ಕಣೇ ಹಿಡಿದಿದ್ದು. ಇಷ್ಟುದ್ದದ್ದು ಅಂಗೈಲಿ ಅಡಗುತ್ತಾ? ನಿಂದೇನು ಅಂಗೈಯಾ, ಮೊರನಾ?"

ಚಿಪ್ಪಿಗೆ ಹಿಡಿದರೆ ಅದು ಮೊಣಕಾಲ ಕೆಳಗಿನ ಮೂಳೆಯೆಂದು ಕೊಚ್ಚಿಕೊಂಡಿತು. ತರಗತಿ ಗೊಳ್ಳೆಂದಿತು.

"ಏನು ಮೇಡಂ ಇದು?" ಹೆಡ್‌ಮಾಸ್ಟರು ಎದ್ದು ನಿಂತರು.

ಬೇಕಂತಲೇ ಹಾಗೆ ಅಂಟಿಸಿದ್ದು ಎನ್ನುವ ಮಾತು ಮೇಡಂ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡರು. "ತಪ್ಪು ಸರ್. ಎಲ್ಲಾನೂ ನೋಡದೆ ಅಂಟಿಸಿದೆ. ನಂದೇ ತಪ್ಪು." ಆಮೇಲೆ ಮಕ್ಕಳತ್ತ ತಿರುಗಿ ಮೆಲ್ಲಗೆ ಹೇಳಿದರು, ಕೇಳಿಸಿಕೊಳ್ಳಲು ಮಕ್ಕಳೇ ಸದ್ದಡಗಿಸಬೇಕಾಯಿತು. "ಎಲ್ಲಿಂದ ತಪ್ಪಿದೆ, ಯಾಕೆ ತಪ್ಪಿದೆ, ಕಂಡುಹಿಡೀರಿ. ಪುಸ್ತಕ ತೆಗೀಬೇಡಿ. ನಿಮ್ಮ ನಿಮ್ಮ ಮೂಳೆ ಮುಟ್ಟಿ ನೋಡ್ಕೊಳ್ಳಿ."

ಐವತ್ತು ಮಕ್ಕಳು ಪಕ್ಕೆ, ಮಂಡಿ, ಹಿಮ್ಮಡಿಗಳನ್ನು ಹಿಸುಕಿಕೊಳ್ಳತೊಡಗಿದರು. ಮಾತಿಗೆ ಮಾತು ಬೆಳೆಯಿತು. ಸೊಂಟದವರೆಗೆ ಎಲ್ಲ ನೆಟ್ಟಗಿದೆ, ಅಲ್ಲಿಂದಾಚೆ ಒಂದೊಂದು ಸ್ಥಾನ ಸರಿದಿದೆ ಎಂದು ಒಂದು ತಂಡ ಪತ್ತೆಹಚ್ಚಿತು. ವಕೀಲೆ ಸೊಂಟದ ಚೀಟಿಯನ್ನು ಉಗುರಿನಿಂದ ಎಬ್ಬಿಸಿದಳು. ಅದರ ಬೆನ್ನಿಗೆ ಇನ್ನೊಂದು ಅಂಟಿಕೊಂಡು ಕೂತಿತ್ತು.

"ಸಿಕ್ಕಿಬಿತ್ತು ಕಳ್ಳ ತೊಡೆಮೂಳೆ!"

ಮಕ್ಕಳು ಒಂದೊಂದನ್ನೇ ಕಿತ್ತು, ಕೇಳಿ, ವಾದ ಮಾಡಿ ಸರಿಯಾದ ಜಾಗಕ್ಕೆ ಅಂಟಿಸಿದರು. ಹೆಡ್‌ಮಾಸ್ಟರು ಬಗ್ಗಿ ತಮ್ಮದೇ ಕಾಲು ಒತ್ತಿ ನೋಡುತ್ತಿದ್ದರು.

"ಸರ್, ನೀವು ಹಿಡ್ಕೊಂಡಿರೋದು ಮೀನಖಂಡ" ಎಂದಳು ವಕೀಲೆ. "ಮೂಳೆ ಈ ಕಡೆ, ಮುಂದಿದೆ."

ಅವರು ತೆಪ್ಪಗೆ ಕೈ ಮುಂದಕ್ಕೆ ಸರಿಸಿದರು. ಗಂಟೆ ಹೊಡೆದರೂ ಯಾರೂ ಕದಲಲಿಲ್ಲ. ಮೇಡಂ ಕಣ್ಣು ಕೆಂಪು ಮಾಡಿದ ಮೇಲೆಯೇ ಮಕ್ಕಳು ಹೊರಟದ್ದು.

ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತರು. "ಆಯ್ತು, ನಡೆಸಿ ಹೀಗೇ. ಲೈಬ್ರರಿಗೆ ಬೇರೆಯವರನ್ನ ನೋಡ್ತೀನಿ. ಮುಂದಿನ ಸೆಕ್ಷನ್‌ಗಾದ್ರೂ ಸರಿಯಾಗಿ ಅಂಟಿಸಿ."

"ಇಲ್ಲ ಸರ್. ಅವರಿಗೆ ನಾನೇ ಎರಡು ಅದಲುಬದಲು ಮಾಡ್ತೀನಿ."

"ಮತ್ತೆ ತಪ್ಪಾ?"

"ಮಕ್ಕಳಿಗೆ ಮೊದಲೇ ಹೇಳಿಯೇ ಮಾಡ್ತೀನಿ. ಯಾವೆರಡು ಅಂತ ಮಾತ್ರ ಹೇಳಲ್ಲ."