ಜುಟ್ಟು ಕಿತ್ತ ಕಾಯಿ

ತೆಂಗಿನಕಾಯಿಗೆ ಜುಟ್ಟು ಬಿಟ್ಟು ಸುಲಿದರೆ ನರಕಕ್ಕೆ ಹೋಗುತ್ತೇವೆ ಎಂಬ ವಿಷಯ ನನಗೆ ತಿಳಿದದ್ದು ವಯಸ್ಸು ಅರವತ್ತರ ಹತ್ತಿರ ಬಂದ ಮೇಲೆ. ಅಲ್ಲಿಯವರೆಗೆ ನಾನು, ನನಗಿಂತ ಮುಂಚೆ ನಮ್ಮಪ್ಪ, ಅಪ್ಪನಿಗಿಂತ ಮುಂಚೆ ನಮ್ಮ ತಾತ, ಮೂರು ತಲೆಮಾರಿನ ಕ್ರೈಸ್ತರು, ನಿಶ್ಚಿಂತೆಯಾಗಿ ಜುಟ್ಟು ಬಿಟ್ಟುಕೊಂಡೇ ಬಂದಿದ್ದೆವು. ಹಾಗಾದರೆ ನಮ್ಮಪ್ಪ ಈಗ ಎಲ್ಲಿದ್ದಾರೆ ಎಂದು ಅದನ್ನು ನನಗೆ ತಿಳಿಸಿದ ಪಾಸ್ಟರನ್ನೇ ಕೇಳಬೇಕು.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಇದನ್ನು ಬರೆಯುವಾಗಲೂ ಅದು ಅಲ್ಲೇ ಇದೆ, ಒರೆಸಿಕೊಂಡು ಬರೆಯುವ ಇಚ್ಛೆ ನನಗಿಲ್ಲ.

ನಮ್ಮದು ತುರುವೇಕೆರೆ ಕಡೆಯ ಒಂದು ಊರು. ಊರಿಗೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. ಮನೆಯ ಹಿಂದೆ ತೋಟ, ಮನೆಯ ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ ಕಾಯಿ, ಜಗಲಿಯ ಪಕ್ಕ ಕಾಯಿ ಸುಲಿಯಲು ನೆಟ್ಟ ಕಬ್ಬಿಣದ ಮೊನೆ. ಅಡುಗೆಗಾದರೆ ನಾರನ್ನೆಲ್ಲ ಕಿತ್ತು ಬೋಳು ಮಾಡುತ್ತೇವೆ. ಪೂಜೆಗೆ, ಮದುವೆಗೆ ಎಂದು ಯಾರಾದರೂ ಕೇಳಿದರೆ ಕಾಯಿಯ ಕಣ್ಣುಗಳ ಮೇಲೆ ಒಂದು ಹಿಡಿ ನಾರು ಹಾಗೇ ಉಳಿಸುತ್ತೇವೆ. ಅದೇ ಜುಟ್ಟು. ಬೋಳು ಕಾಯಿಯನ್ನು ನಮ್ಮ ಕಡೆ ಯಾರೂ ದೇವರ ಮುಂದೆ ಇಡುವುದಿಲ್ಲ, ಕಳಶಕ್ಕೆ ಕೂರಿಸುವುದಿಲ್ಲ. ಇದು ಮೊಲೆಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ.

ಬೇಲಿಯಾಚೆ ಅಕ್ಕನ ಮನೆ. ಒಡಹುಟ್ಟಿದ ಅಕ್ಕನಲ್ಲ. ಹತ್ತಿರದ ಸಂಪಿಗೆ ಊರಿನ ಸ್ವಾಮಿಯ ಒಕ್ಕಲು ಅವರು, ನಾವು ಯೇಸುವಿನ ಮಂದೆ. ಆದರೆ ನಾನು ಚಡ್ಡಿ ಹಾಕುವ ಕಾಲದಲ್ಲಿ ಅವಳು ಆ ಮನೆಗೆ ಸೊಸೆಯಾಗಿ ಬಂದಳು, ಅಂದಿನಿಂದ ಅಕ್ಕ. ಒಂದು ವರ್ಷ ಅವಳ ತೋಟದ ಮರಗಳಿಗೆ ಕಾಂಡ ಸೋರುವ ರೋಗ ಹತ್ತಿತು. ಒಂದಾದ ಮೇಲೊಂದು ಸುಳಿ ಬಿದ್ದು, ಕೊನೆಗೆ ಕಡಿಸಬೇಕಾಯಿತು. ಆಗ ನಮ್ಮಪ್ಪ ಇನ್ನೂ ಗಟ್ಟಿಯಾಗಿದ್ದರು. ನಮ್ಮ ಹಳೇ ಮರದ ಕಾಯಿಯಿಂದ ಎಬ್ಬಿಸಿದ ಸಸಿಗಳನ್ನು ತಾವೇ ಹೊತ್ತುಕೊಂಡು ಹೋಗಿ ಅವಳ ತೋಟದಲ್ಲಿ ನೆಟ್ಟು, "ಇವು ಫಲಕ್ ಬರಾಗಂಟ ನಿನ್ ಮನೆದೇವ್ರಿಗೆ ಕಾಯಿ ನಮ್ ತೋಟದ್ದು ಕಣವ್ವ" ಎಂದು ಹೇಳಿ ಬಂದರು. ಅವತ್ತಿನಿಂದ ಶ್ರಾವಣ ಬಂದರೆ, ಹಬ್ಬ ಬಂದರೆ, ಜುಟ್ಟು ಬಿಟ್ಟ ಕಾಯಿ ಬೇಲಿ ದಾಟುತ್ತಿತ್ತು.

ನನ್ನ ಹೆಂಡತಿ ಒಮ್ಮೆ ಅಪ್ಪನನ್ನು ಕೇಳಿಯೇ ಬಿಟ್ಟಿದ್ದಳು, "ಮಾವ, ಇದು ಅವ್ರ ದೇವ್ರಿಗೆ ಕೊಟ್ಟಂಗಲ್ವಾ?" ಅಪ್ಪ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ದೇವ್ರಿಗೆ ಕೊಡೋಳು ಅವ್ಳು ಕಣಮ್ಮ. ನಾನು ಕೊಡ್ತಿರೋದು ಅವ್ಳಿಗೆ" ಎಂದರು. ನನ್ನ ಹೆಂಡತಿಗೆ ಅಂದು ಆ ಮಾತು ಸಾಕಾಗಿತ್ತು.

ಅಪ್ಪನ ಸತ್ಯವೇದವೇ ಹಾಗೆ. ಸಂಜೆ ಜಗಲಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದರು, ಓದಿದ್ದನ್ನು ತೋಟಕ್ಕೆ ತಂದು ಕಟ್ಟುತ್ತಿದ್ದರು. ನೆರೆಯವನನ್ನು ಪ್ರೀತಿಸು ಎಂಬಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ, "ನೆರೆಯವ್ನು ಯಾರು ಅಂತ ಹುಡುಕ್ಕಂಡ್ ಹೋಗ್ಬೇಡ ಕಣ್ಲಾ. ಬೆಳಿಗ್ಗೆ ಎದ್ದು ಹಲ್ಲುಜ್ಜೋವಾಗ ಬೇಲಿ ಆಚೆ ಯಾರ್ ಕಾಣ್ತಾರೋ ಅವ್ರೇ" ಎಂದಿದ್ದರು. ತೀರ್ಪು ಮಾಡಬೇಡ ಎಂಬಲ್ಲಿಗೆ ಬಂದಾಗ ಅಟ್ಟದ ಕಡೆ ಕೈ ತೋರಿಸಿದ್ದರು. "ಆ ಕಾಯಿನ ಹೊರಗಿಂದ ನೋಡಿ ಒಳಗೆ ಕೆಟ್ಟೈತೆ ಅನ್ಬೇಡ. ಒಡೆಯೋನು ಬೇರೆ ಅವ್ನೆ." ಅಕ್ಕ ಆ ಹೊತ್ತಿಗೆ ಮೊರ ಹಿಡಿದುಕೊಂಡು ಬಂದು, ಜಗಲಿಯ ತುದಿಯಲ್ಲಿ ಕೂತು, ರಾಗಿ ಹಸನು ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಅಪ್ಪ ಹಾಸಿಗೆ ಹಿಡಿದಾಗ ನನ್ನ ಹೆಂಡತಿಯೂ ಟೈಫಾಯಿಡ್ ಬಂದು ಮಲಗಿದ್ದಳು. ಗಂಜಿ ತಂದು ಕುಡಿಸಿದವಳು ಅಕ್ಕ. ಅಪ್ಪನಿಗೆ ದೇವರೇ ನನ್ನ ಕುರುಬ ಎಂಬ ಕೀರ್ತನೆ ಬಾಯಿಪಾಠ, ಕಾಯಿಲೆಯಲ್ಲಿ ಅರ್ಧಕ್ಕೇ ಮರೆತು ತಡವರಿಸುವರು. ಪಕ್ಕದಲ್ಲಿ ಕೂತ ಅಕ್ಕ ಮುಂದಿನ ಸಾಲನ್ನು ಎತ್ತಿ ಕೊಡುತ್ತಿದ್ದಳು. ಓದು ಬರದವಳು, ಜಗಲಿಯ ತುದಿಯಲ್ಲಿ ಕೂತು ಕೇಳಿಯೇ ಕಲಿತಿದ್ದಳು. ನಮ್ಮಪ್ಪ ಬಾಯಲ್ಲಿ ದೇವರ ವಾಕ್ಯ ಇಟ್ಟುಕೊಂಡು ಸತ್ತದ್ದು ಅವಳಿಂದ, ಇದನ್ನು ನಾನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳುತ್ತೇನೆ.

ಇನ್ನು ಪಾಸ್ಟರು. ಅಪ್ಪ ಹೋದ ಮೇಲೆ ತಿಪಟೂರು ರಸ್ತೆಯಲ್ಲಿ ತಗಡಿನ ಶೀಟು ಹಾಕಿ ಹೊಸದೊಂದು ಪ್ರಾರ್ಥನಾಲಯ ಶುರುವಾಯಿತು. ನಮ್ಮ ಹಳೇ ಚರ್ಚಿನ ಅಯ್ಯನವರು ಬರುವುದು ಅಮಾವಾಸ್ಯೆಗೋ ಹುಣ್ಣಿಮೆಗೋ ಎಂಬಂತೆ ಆಗಿತ್ತು. ಹೆಂಡತಿ ಅಲ್ಲಿಗೆ ಹೋಗತೊಡಗಿದಳು. ಹಾಡು ಚೆನ್ನಾಗಿದೆ ಎಂದಳು. ನಿಜ, ಅಲ್ಲಿನ ಪಾಸ್ಟರು ಹುಡುಗನ ಕಂಠ ಚೆನ್ನಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಮಗನಾಗಬಹುದಾದ ವಯಸ್ಸು, ನನ್ನನ್ನು ಬ್ರದರ್ ಎನ್ನುತ್ತಾನೆ.

ಮೊದಲ ಸಲ ಮನೆಗೆ ಬಂದವನ ಕಣ್ಣಿಗೆ ಜಗಲಿಯ ಮೇಲಿನ ಜುಟ್ಟಿನ ಕಾಯಿ ಬಿತ್ತು.

"ಇವು ಯಾರಿಗೆ ಬ್ರದರ್?"

"ಪಕ್ಕದ ಮನೆ ಅಕ್ಕನಿಗೆ."

"ವಿಗ್ರಹಕ್ಕೆ ಹೋಗುತ್ತವಲ್ಲವೇ?"

ಆಮೇಲೆ ಚೀಲದಿಂದ ಸತ್ಯವೇದ ಹೊರಬಂತು. ಬೆಳಕಿಗೂ ಕತ್ತಲೆಗೂ ಎಲ್ಲಿಯ ನಂಟು ಎಂಬ ವಾಕ್ಯ ತೆಗೆದ. ನಾನೇನು ಕಡಿಮೆಯೇ, ಅಪ್ಪನ ಜಗಲಿಯಲ್ಲಿ ಬೆಳೆದವನು. ಸಂತೆಯಲ್ಲಿ ಮಾರುವ ಮಾಂಸ ಯಾರ ಗುಡಿಯಿಂದ ಬಂತೆಂದು ವಿಚಾರಿಸುತ್ತ ಕೂರಬೇಡಿ, ಸುಮ್ಮನೆ ತಿನ್ನಿ ಎಂದು ಪೌಲ ಹೇಳಿದ್ದನ್ನು ತೆಗೆದೆ. ಅದು ತಿನ್ನುವ ಮಾತು, ಕೊಡುವ ಮಾತಲ್ಲ ಎಂದ. ಹಾಗಾದರೆ ನಮ್ಮ ಕೊಬ್ಬರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ತಿಪಟೂರು ಮಾರುಕಟ್ಟೆಯಲ್ಲಿ ಲಾರಿ ಹತ್ತಿದ ಕೊಬ್ಬರಿ ಉತ್ತರದ ಕಡೆ ಹೋಗಿ ಯಾರ್ಯಾರದೋ ಪೂಜೆಗೆ, ಮದುವೆಗೆ ಸೇರುತ್ತದೆ. ಅದರ ದುಡ್ಡಿನಲ್ಲಿ ನನ್ನ ಹೆಂಡತಿ ಹತ್ತರಲ್ಲೊಂದು ಪಾಲೆಂದು ಕೊಡುವ ದಶಮಾಂಶಕ್ಕೆ ಇವನ ಕೈ ಹಿಂದೆ ಸರಿದಿಲ್ಲ. ಲಾರಿಯಲ್ಲಿ ಹೋದರೆ ವ್ಯಾಪಾರ, ಬೇಲಿ ದಾಟಿದರೆ ಪಾಪ. ಇದಕ್ಕೆ ಅವನು ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥನೆ ಮಾಡಿದ. ವಾದದಲ್ಲಿ ಸೋತವನು ಎದುರಾಳಿಗಾಗಿ ಪ್ರಾರ್ಥನೆ ಮಾಡುವುದಿದೆಯಲ್ಲ, ಅದರಷ್ಟು ಮೈ ಉರಿಸುವ ಕೆಲಸ ಇನ್ನೊಂದಿಲ್ಲ.

ನಾನು ಗೆದ್ದೆ ಎಂದುಕೊಂಡಿದ್ದೆ. ಅವನು ನನ್ನ ಹತ್ತಿರ ಮಾತು ಬಿಟ್ಟು ಹೆಂಡತಿಯ ಹತ್ತಿರ ಹಿಡಿದ.

ಆ ವೈಶಾಖದಲ್ಲಿ ಅಕ್ಕನ ಮೊಮ್ಮಗಳ ಮದುವೆ. ಕಳಶಕ್ಕೆ, ಧಾರೆಗೆ, ಮನೆದೇವರಿಗೆ ಬೇಕಾದ ಕಾಯಿ ನಮ್ಮ ತೋಟದ್ದೇ ಆಗಬೇಕು ಎಂದು ಅಕ್ಕ ಬಾಯಿಬಿಟ್ಟು ಕೇಳಿದ್ದಳು. "ನಿಮ್ಮಪ್ಪ ಇದ್ದಿದ್ರೆ ಅವ್ರೇ ಹೊತ್ಕಂಬರೋರು" ಎಂದಳು. ನಾನು ಒಳ್ಳೆಯ ಕಾಯಿ ಆರಿಸಿ, ನಾನೇ ಸುಲಿದು, ಒಂದೊಂದಕ್ಕೂ ಜುಟ್ಟನ್ನು ಸರಿಯಾಗಿ ಬಿಟ್ಟು, ಚೀಲಕ್ಕೆ ತುಂಬಿ ಜಗಲಿಯ ಮೇಲಿಟ್ಟು, ಕೊಬ್ಬರಿ ಹರಾಜಿಗೆಂದು ತಿಪಟೂರಿಗೆ ಹೋದೆ. ವಾಪಸು ಬಂದಾಗ ಚೀಲ ಇರಲಿಲ್ಲ. ಅಂಗಳದ ಮೂಲೆಯಲ್ಲಿ ನಾರಿನ ಗುಡ್ಡೆ ಇತ್ತು. ಸುಲಿದ ಕಾಯಿಯ ನಾರನ್ನು ನಾನು ಅಂಗಳದಲ್ಲಿ ಬಿಡುವವನಲ್ಲ. ಹತ್ತಿರ ಹೋಗಿ ನೋಡಿದೆ. ಎಲ್ಲ ಜುಟ್ಟು.

ಅಕ್ಕನ ಮನೆಗೆ ಓಡಿದೆ. ಚಪ್ಪರದ ತುಂಬ ನೆಂಟರು. ದೇವರ ಮನೆಯ ಮುಂದೆ ಅಂಗಡಿಯಿಂದ ತಂದ ಕಾಯಿ ಕಳಶದ ಮೇಲೆ ಕೂತಿತ್ತು. ನಮ್ಮ ಚೀಲ ಬಾಗಿಲ ಹಿಂದೆ ಇತ್ತು, ಬಾಯಿ ಬಿಚ್ಚಿ ನೋಡಿ ಮತ್ತೆ ಕಟ್ಟಿಟ್ಟಿದ್ದರು. ಮದುವೆ ಮನೆಗೆ ಬೋಳು ಕಾಯಿ ಕಳಿಸಿದ್ದೆವು. ಬೇರೆ ಯಾರಾದರೂ ಆಗಿದ್ದರೆ ಚೀಲವನ್ನು ನಮ್ಮ ಅಂಗಳಕ್ಕೆ ಎಸೆದು ಹೋಗುತ್ತಿದ್ದರು. ಅಕ್ಕ ನನ್ನ ಮುಖ ನೋಡಿ, "ಬುಡಪ್ಪ, ಅಡುಗೆಗಾಯ್ತದೆ" ಎಂದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದು ಹೆಂಡತಿಯ ಮೇಲೆ ಕೂಗಾಡಿದೆ.

"ಯಾರ್ ಕಿತ್ತಿದ್ದು?"

"ಪಾಸ್ಟರು ಬಂದಿದ್ರು. ಇಬ್ರೂ ಸೇರಿ ಕಿತ್ವಿ."

"ಕೊಡೋಕ್ ಇಷ್ಟ ಇಲ್ದಿದ್ರೆ ಕೊಡಲ್ಲ ಅನ್ಬೇಕಿತ್ತು ಕಣೇ. ಬೋಳು ಮಾಡಿ ಕಳಿಸೋದಾ ಮದ್ವೆ ಮನೆಗೆ? ಅಪ್ಪ ಕೊಟ್ಟ ಮಾತು ಅದು."

ಅವಳು ಹೇಳಿದಳು. "ನಿಮಗೆ ಮಾತಿನ ಚಿಂತೆ. ನನಗೆ ಮಗಳ ಚಿಂತೆ ಕಣ್ರೀ. ಮದ್ವೆಯಾಗಿ ಇಷ್ಟು ವರ್ಷ ಆಯ್ತು, ಮಡಿಲು ತುಂಬಿಲ್ಲ. ಈ ಕಾಯಿಯೇ ಅಡ್ಡ ನಿಂತೈತೆ ಅಂದ್ರು."

ನನ್ನ ಕೋಪ ಎಲ್ಲಿ ಹೋಗಿ ನಿಲ್ಲಬೇಕೋ ಅಲ್ಲಿಗೆ ಹೋಗಿ ನಿಂತಿತು. ಹೆಂಡತಿಯ ಮೇಲಿಂದ ಇಳಿದು ಅವನ ಮೇಲೆ ಹತ್ತಿತು, ಇವತ್ತಿಗೂ ಇಳಿದಿಲ್ಲ. ಒಬ್ಬ ತಾಯಿಯ ಹೊಟ್ಟೆಯ ಸಂಕಟ ಎಲ್ಲಿದೆ ಎಂದು ಹುಡುಕಿ, ಅಲ್ಲಿಗೇ ಕೈ ಹಾಕಿ, ಅಲ್ಲಿಂದ ಹಗ್ಗ ಎಳೆದು ಅವಳನ್ನು ನಡೆಸುವವನು ಕುರುಬನಲ್ಲ. ನಾನೂ ಒಬ್ಬ ಹೆಣ್ಣುಮಗಳ ಅಪ್ಪ. ಅವಳಿಗೊಂದು ಮಗುವಾಗಲಿ ಎಂದು ನಾನು ಬೇಡಿಕೊಳ್ಳದ ದಿನವಿಲ್ಲ. ಆದರೆ ಪಕ್ಕದ ಮನೆಯ ಹುಡುಗಿಯ ಧಾರೆಯನ್ನು ಕೆಡಿಸಿದರೆ ನನ್ನ ಮಗಳಿಗೆ ಮಗು ಕೊಡುವ ದೇವರು ನಮ್ಮಪ್ಪ ಓದಿದ ಪುಸ್ತಕದಲ್ಲಿ ಇರಲಿಲ್ಲ.

ಅಕ್ಕ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮದುವೆಯ ಊಟಕ್ಕೆ ಕರೆದಳು, ಪಕ್ಕದಲ್ಲಿ ನಿಂತು ಬಡಿಸಿದಳು. ಆದರೆ ಸಂಜೆ ಜಗಲಿಗೆ ಬರುವುದು ನಿಂತುಹೋಯಿತು. ಕೇಳಿದರೆ "ಮಂಡಿ ನೋವು ಕಣಪ್ಪ" ಎನ್ನುವಳು. ಅದೇ ಮಂಡಿಯಲ್ಲಿ ಹಸುವಿಗೆ ಹುಲ್ಲು ಹೊತ್ತು ತರುವುದು ಬೇಲಿಯಿಂದ ನನಗೆ ಕಾಣುತ್ತಿತ್ತು. ಶ್ರಾವಣ ಬಂತು, ಕಾಯಿ ಕೇಳಲಿಲ್ಲ. ನಾನೇ ಜುಟ್ಟು ಬಿಟ್ಟು ತೆಗೆದುಕೊಂಡು ಹೋದೆ. "ಐತೆ ಕಣಪ್ಪ, ಅಂಗಡಿಲಿ ತಂದಿವ್ನಿ. ನಿಮ್ಮನೇಲಿ ಮಾತು ಬೇಡ" ಎಂದು ವಾಪಸು ಕಳಿಸಿದಳು. ಕಾಯಿ ಹಿಡಿದುಕೊಂಡು ಬೇಲಿ ದಾಟಿ ಬರುವಾಗ ಅಪ್ಪ ಎದುರಿಗೆ ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಸಂಜೆಯ ಓದನ್ನು ನಾನು ಬಿಡಲಿಲ್ಲ. ಗಟ್ಟಿಯಾಗಿ, ಬೇಲಿಯಾಚೆಗೂ ಕೇಳುವ ಹಾಗೆ ಓದಿದೆ. ಜಗಲಿಯ ತುದಿ ಖಾಲಿ ಇರುತ್ತಿತ್ತು. ಪ್ರತಿ ಕ್ರಿಸ್ಮಸ್ಸಿಗೂ ಅಕ್ಕ ತನ್ನ ಹಿತ್ತಿಲ ಸೇವಂತಿಗೆ ಕಟ್ಟಿಕೊಂಡು ಬೆಳಿಗ್ಗೆಯೇ ಬರುತ್ತಿದ್ದಳು. ಈ ಸಲ ಬರುತ್ತಾಳೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬರದಿದ್ದರೆ ಮುಗಿಯಿತು, ಅಪ್ಪ ಕಟ್ಟಿದ ಮನೆ ನನ್ನ ಕಾಲಕ್ಕೆ ಮುರಿದುಬಿತ್ತು ಎಂದೇ ಲೆಕ್ಕ.

ಹಬ್ಬದ ದಿನ ಬೆಳಗಾಯಿತು, ಬರಲಿಲ್ಲ. ಮಧ್ಯಾಹ್ನ ಹೆಂಡತಿ ಕರೆದಿದ್ದಳೆಂದು ಪಾಸ್ಟರು ಊಟಕ್ಕೆ ಬಂದ. ಹಬ್ಬದ ದಿನ ಬಂದವನನ್ನು ಆಚೆಗೆ ಹೋಗು ಎನ್ನಲಾಗದೆ ಹಲ್ಲು ಕಚ್ಚಿಕೊಂಡು ಚಾಪೆ ಹಾಕಿದೆ. ಆಗ ಬಾಗಿಲಲ್ಲಿ ನೆರಳು ಕಂಡಿತು. ಅಕ್ಕ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೇವಂತಿಗೆ, ಪಕ್ಕದಲ್ಲಿ ಎರಡು ಕಾಯಿ. ಬೋಳು ಕಾಯಿ. ನಾರಿನ ಒಂದು ಎಳೆಯೂ ಇಲ್ಲದ ಹಾಗೆ ಕೆರೆದು, ಒರೆಸಿ ತಂದಿದ್ದಳು.

ತಟ್ಟೆಯನ್ನು ಹೆಂಡತಿಯ ಕೈಗೆ ಕೊಟ್ಟು, "ನಿಮ್ ದೇವ್ರಿಗೆ ಜುಟ್ಟು ಆಗಲ್ವಂತಲ್ಲ. ನಂಗ್ ತಿಳೀದು ಕಣವ್ವ. ಪೂರ್ತಿ ಸುಲಿಸ್ಕಂಡ್ ತಂದಿವ್ನಿ" ಎಂದಳು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದೆಯೇ ಎಂದು ನಾನು ಅವಳ ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ.

ಪಾಸ್ಟರು ಕೂತಲ್ಲಿಂದಲೇ ವಿಚಾರಿಸಿದ. "ದೇವರ ಮುಂದೆ ಇಟ್ಟಿದ್ದಲ್ಲ ತಾನೇ ಅಮ್ಮ?"

ನಾನು ಎದ್ದೆ. ಏನು ಮಾಡುತ್ತಿದ್ದೆನೋ, ಅಷ್ಟರಲ್ಲಿ ಅಕ್ಕನೇ ಉತ್ತರ ಕೊಟ್ಟಳು.

"ಇಲ್ಲ ಕಣಪ್ಪ. ಇವ್ರ ಮಾವ ನೆಟ್ಟ ಸಸಿ, ಒಂದು ಉಳ್ಕಂಡಿತ್ತು. ಈಗ ಫಲ ಬುಟ್ಟೈತೆ. ಇದೇ ಮೊದ್ಲನೇ ಕಾಯಿ."

ನಮ್ಮ ಸೀಮೆಯಲ್ಲಿ ಹೊಸ ಮರದ ಮೊದಲ ಕಾಯಿಯನ್ನು ಮಾರುವುದಿಲ್ಲ, ಸಾರಿಗೆ ಹಾಕುವುದಿಲ್ಲ. ಅದು ಮನೆದೇವರಿಗೆ. ಅಕ್ಕ ಅದರ ಜುಟ್ಟು ತೆಗೆಸಿದ್ದಳು. ಇನ್ನು ಅದು ಅವಳ ದೇವರಿಗೆ ಸಲ್ಲುವುದಿಲ್ಲ. ಇದು ಪಾಸ್ಟರಿಗೆ ತಿಳಿಯಲಿಲ್ಲ, "ಸ್ತೋತ್ರ, ಸ್ತೋತ್ರ" ಎಂದು ತಲೆಯಾಡಿಸಿ ಎಲೆಯ ಕಡೆ ತಿರುಗಿದ. ನನ್ನ ಹೆಂಡತಿಗೆ ತಿಳಿಯಿತು. ಅವಳ ಬೆರಳು ಕಾಯಿಯ ಮೇಲೆ ಹೋಗಿ ಜುಟ್ಟು ಇರಬೇಕಾದ ಜಾಗದಲ್ಲಿ ನಿಂತಿತು.

"ಮರದಲ್ಲಿ ಇನ್ನೊಂದು ಐತಾ ಅಕ್ಕಾ?" ಎಂದು ಕೇಳಿದಳು.

"ಎರಡೇ ನಿಂತಿದ್ದು ಕಣವ್ವ. ಮಿಕ್ಕವು ಉದುರೋದ್ವು."

"ಮತ್ತೆ ನಿಮ್ ಸ್ವಾಮಿಗೆ?"

ಅಕ್ಕ ಸೆರಗು ಸರಿಮಾಡಿಕೊಂಡು, ಜಗಲಿಯ ತುದಿಯಲ್ಲಿ ತನ್ನ ಜಾಗಕ್ಕೆ ಹೋಗಿ ಕೂತಳು.

"ಮುಂದಿನ್ ಸಲ ಕೊಟ್ರಾಯ್ತು ಬುಡು" ಎಂದಳು. "ಅವ್ನೇನ್ ಕೋಪ ಮಾಡ್ಕಳಲ್ಲ."